ಲೆಪಾಂತೊ ಕದನದ ಧ್ವಜಗಳು ಇಂದು ಎಲ್ಲಿವೆ?

ಅಕ್ಟೋಬರ್ ತಿಂಗಳು ಜಪಸರದ ತಿಂಗಳು. ಈ ತಿಂಗಳ 7ರಂದು ಆಚರಿಸುವ ಜಪಸರ ಮಾತೆಯ ಹಬ್ಬಕ್ಕೂ 1571ರ ಲೆಪಾಂತೊ ನೌಕಾ ಕದನಕ್ಕೂ ಇರುವ ಸಂಬಂಧ ನಮ್ಮ ಓದುಗರಲ್ಲಿ ಹಲವರಿಗೆ ಪ್ರವಚನಗಳ ಮೂಲಕ ತಿಳಿದೇ ಇದೆ. ಆದರೆ ಆ ದಿನ ಹಡಗುಗಳ ಮೇಲೆ ಹಾರಾಡಿದ ಧ್ವಜಗಳಲ್ಲಿ ಕೆಲವು ಸುಮಾರು ನಾಲ್ಕೂವರೆ ಶತಮಾನಗಳ ಬಳಿಕವೂ ಉಳಿದುಕೊಂಡಿವೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಒಂದು ಸ್ಪೇನಿನಲ್ಲಿದೆ, ಒಂದು ಇಟಲಿಯ ಸಮುದ್ರ ತೀರದ ಸಣ್ಣ ಊರಿನಲ್ಲಿದೆ, ಮತ್ತೊಂದು ಸೋತವರ ಮನೆಗೇ ಹಿಂದಿರುಗಿದೆ. ಅತ್ಯಂತ ದೊಡ್ಡದೆಂದು ಹೆಸರಾಗಿದ್ದದ್ದು ಮಾತ್ರ ಬೂದಿಯಾಗಿದೆ. ಈ ಬಟ್ಟೆಗಳ ಕಥೆಯಲ್ಲಿ ನಮ್ಮ ಇಗರ್ಜಿಗಳ ಹಳೆಯ ಬಾವುಟ, ಪೂಜಾವಸ್ತ್ರಗಳಿಗೂ ಅನ್ವಯಿಸುವ ಸಂಗತಿಗಳಿವೆ.

ಕದನದ ಹಿನ್ನೆಲೆ

ಒಟ್ಟೊಮನ್ ತುರ್ಕರು 1570ರಲ್ಲಿ ವೆನಿಸ್ ಗಣರಾಜ್ಯದ ವಶದಲ್ಲಿದ್ದ ಸೈಪ್ರಸ್ ದ್ವೀಪದ ಮೇಲೆ ದಾಳಿ ಮಾಡಿದರು. ಜಗದ್ಗುರು ಐದನೇ ಪಿಯುಸ್ ಅವರ ಪ್ರಯತ್ನದಿಂದ 1571ರ ಮೇ ತಿಂಗಳಲ್ಲಿ ಸ್ಪೇನ್, ವೆನಿಸ್ ಮತ್ತು ಪೋಪರ ರಾಜ್ಯಗಳು ಸೇರಿ ಪವಿತ್ರ ಒಕ್ಕೂಟ ರಚನೆಯಾಯಿತು. ಜಿನೋವಾ, ಮಾಲ್ಟಾದ ನೈಟ್‌ಗಳು ಮೊದಲಾದವರೂ ಜೊತೆಗೂಡಿದರು. ಸ್ಪೇನಿನ ದೊರೆ ಎರಡನೇ ಫಿಲಿಪನ ಮಲತಮ್ಮ ಡಾನ್ ಹುವಾನ್ ಮಹಾದಂಡನಾಯಕನಾದ. ಆಗ ಅವನಿಗೆ 24 ವರ್ಷ. ಅಕ್ಟೋಬರ್ 7, ಭಾನುವಾರದಂದು ಗ್ರೀಸಿನ ಪತ್ರಾಸ್ ಕೊಲ್ಲಿಯ ಬಾಯಿಯಲ್ಲಿ ಎರಡೂ ಪಡೆಗಳು ಎದುರಾದವು. ಎರಡೂ ಕಡೆ ಇನ್ನೂರಕ್ಕೂ ಹೆಚ್ಚು ಹಡಗುಗಳು. ಸಂಜೆಯೊಳಗೆ ಒಟ್ಟೊಮನ್ ಪಡೆ ಬಹುಮಟ್ಟಿಗೆ ನಾಶವಾಯಿತು, ಅದರ ನಾಯಕ ಅಲಿ ಪಾಷಾ ಸತ್ತ. ಒಕ್ಕೂಟದ ಕಡೆಯೂ ಸುಮಾರು 7,500 ಮಂದಿ ಸತ್ತರು. ಡಾನ್ ಕ್ವಿಕ್ಸೋಟ್ ಬರೆದ ಸೆರ್ವಾಂತೆಸ್ ಎಡಗೈಯ ಶಕ್ತಿಯನ್ನು ಕಳೆದುಕೊಂಡದ್ದು ಇದೇ ಕದನದಲ್ಲಿ.

ವಿಜಯದ ಬಣ್ಣನೆಯಲ್ಲಿ ಕೆಲವು ಸಂಗತಿಗಳು ಬಿಟ್ಟುಹೋಗುವುದುಂಟು. ಒಂದೇ ವರ್ಷದೊಳಗೆ ಒಟ್ಟೊಮನ್ನರು ಹೊಸ ನೌಕಾಪಡೆ ಕಟ್ಟಿದರು. 1573ರಲ್ಲಿ ವೆನಿಸ್ ಪ್ರತ್ಯೇಕವಾಗಿ ಸಂಧಿ ಮಾಡಿಕೊಂಡು ಸೈಪ್ರಸನ್ನು ಬಿಟ್ಟುಕೊಟ್ಟಿತು. ಎರಡೂ ಕಡೆಯ ಹಡಗುಗಳಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಸರಪಳಿ ತೊಟ್ಟ ಗುಲಾಮರು ಮತ್ತು ಕೈದಿಗಳೂ ಇದ್ದರು. ತುರ್ಕರ ಹಡಗುಗಳಿಂದ ಅಂದು ಬಿಡುಗಡೆಯಾದ ಕ್ರೈಸ್ತ ಗುಲಾಮರ ಸಂಖ್ಯೆಯೇ ಸುಮಾರು 12 ಸಾವಿರ ಎನ್ನಲಾಗಿದೆ.

1572ರಲ್ಲಿ ಐದನೇ ಪಿಯುಸ್ ವಿಜಯಮಾತೆಯ ಸ್ಮರಣೆಯನ್ನು ಸ್ಥಾಪಿಸಿದರು. ಮರುವರ್ಷ ಹದಿಮೂರನೇ ಗ್ರೆಗೋರಿಯವರು ಅದನ್ನು ಜಪಸರದ ಹಬ್ಬವಾಗಿಸಿದರು. 1716ರಲ್ಲಿ ಅದು ಇಡೀ ಧರ್ಮಸಭೆಗೆ ವಿಸ್ತರಿಸಿತು. ಅಂದಹಾಗೆ ಮಂಗಳೂರಿನ ರೊಜಾರಿಯೊ ಇಗರ್ಜಿಯ ಆರಂಭ 1568 ಎಂದು ದಾಖಲಾಗಿದೆ. ಅಂದರೆ ನಮ್ಮ ಕರಾವಳಿಯಲ್ಲಿ ಜಪಸರ ಮಾತೆಯ ಹೆಸರಿನ ಇಗರ್ಜಿ ಲೆಪಾಂತೊ ಕದನಕ್ಕಿಂತ ಮೂರು ವರ್ಷ ಹಿರಿಯದು.

ಸಮುದ್ರದಲ್ಲಿ ಧ್ವಜದ ಕೆಲಸ

ನೂರಾರು ಹಡಗುಗಳು, ತೋಪುಗಳ ಹೊಗೆ, ಹತ್ತಾರು ಭಾಷೆಯ ಜನ. ಇಂಥ ಕಡೆ ಧ್ವಜ ಅಲಂಕಾರವಷ್ಟೇ ಆಗಿರಲಿಲ್ಲ. ನಾಯಕನ ಹಡಗು ಎಲ್ಲಿದೆ, ಅದು ಇನ್ನೂ ಯಾರ ಕೈಯಲ್ಲಿದೆ ಎಂದು ತಿಳಿಯಲು ಇದ್ದ ಮುಖ್ಯ ಗುರುತು ಅದೇ. ಅದು ಕೆಳಗಿಳಿದರೆ ಹಡಗು ಶತ್ರುವಿನ ಪಾಲಾಯಿತೆಂದೇ ಅರ್ಥ. ಲೆಪಾಂತೊದಲ್ಲಿ ಡಾನ್ ಹುವಾನನ ‘ರಿಯಾಲ್’ ಹಡಗಿನವರು ಅಲಿ ಪಾಷಾನ ಹಡಗನ್ನು ಹತ್ತಿ ಅವನ ಧ್ವಜವನ್ನು ಇಳಿಸಿದಾಗ ನಡುಭಾಗದ ಹೋರಾಟ ಹೆಚ್ಚುಕಡಿಮೆ ಮುಗಿದಂತಾಯಿತು.

ಧ್ವಜ ಕಳೆದುಕೊಂಡವರು ತುರ್ಕರು ಮಾತ್ರ ಅಲ್ಲ. ಅವರ ಎಡಬದಿಯ ನಾಯಕ ಉಲುಚ್ ಅಲಿ ಎಂಬವನು ಮಾಲ್ಟಾದ ನೈಟ್‌ಗಳ ಮುಖ್ಯ ಹಡಗಿನ ಧ್ವಜವನ್ನು ಕಿತ್ತುಕೊಂಡು ಪಾರಾದ. ಅವನು ಇಟಲಿಯ ಕಲಾಬ್ರಿಯಾದಲ್ಲಿ ಕ್ರೈಸ್ತನಾಗಿ ಹುಟ್ಟಿ, ಸೆರೆಸಿಕ್ಕು, ಮತಾಂತರಗೊಂಡು ಮೇಲೆ ಬಂದವನು. ಆ ಧ್ವಜವನ್ನು ಸುಲ್ತಾನನಿಗೆ ಒಪ್ಪಿಸಿದಾಗ ಅವನಿಗೆ ‘ಕಿಲಿಚ್’, ಅಂದರೆ ಖಡ್ಗ ಎಂಬ ಬಿರುದು ಸಿಕ್ಕಿತು. ಹೀಗೆ ಎರಡೂ ಕಡೆಯವರ ಊರುಗಳಿಗೆ ಆ ವರ್ಷ ಶತ್ರುವಿನ ಬಟ್ಟೆ ಬಂದು ಸೇರಿತು.

ಟೊಲೆಡೊದ ನೀಲಿ ಧ್ವಜ

ಒಕ್ಕೂಟದ ಅಧಿಕೃತ ಧ್ವಜವನ್ನು ಪೋಪರು ಆಶೀರ್ವದಿಸಿ ಕಳುಹಿಸಿದ್ದರು. 1571ರ ಆಗಸ್ಟ್ 14ರಂದು, ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಮುನ್ನಾ ದಿನ, ನೇಪಲ್ಸಿನ ಸಾಂತಾ ಕ್ಯಾರಾ ಇಗರ್ಜಿಯಲ್ಲಿ ಕಾರ್ಡಿನಲ್ ಗ್ರಾನ್‌ವೆಲ್ ಅದನ್ನು ಡಾನ್ ಹುವಾನನ ಕೈಗೆ ಒಪ್ಪಿಸಿದರು. ನೀಲಿ ಡಮಾಸ್ಕ್ ಬಟ್ಟೆ, ನಡುನಡುವೆ ಚಿನ್ನದ ಎಳೆ. ಉದ್ದ ಸುಮಾರು 7.3 ಮೀಟರ್, ಕಂಬದ ಬದಿಯಲ್ಲಿ ಅಗಲ ಸುಮಾರು 4.4 ಮೀಟರ್. ಅಂದರೆ ನಮ್ಮ ಒಂದು ಸಾಧಾರಣ ಮನೆಯ ಚಾವಡಿಯಲ್ಲಿ ಇದನ್ನು ಬಿಚ್ಚಿ ಹಾಸಲು ಸ್ಥಳ ಸಾಲದು. ಮೇಲ್ಭಾಗದಲ್ಲಿ ಶಿಲುಬೆಗೇರಿದ ಕ್ರಿಸ್ತ. ಕೆಳಗೆ ಪೋಪ್, ಸ್ಪೇನ್ ಮತ್ತು ವೆನಿಸಿನ ಲಾಂಛನಗಳು, ಅವುಗಳ ಕೆಳಗೆ ಡಾನ್ ಹುವಾನನದು. ಲಾಂಛನಗಳನ್ನು ಚಿತ್ರದ ಸರಪಳಿಯೊಂದು ಒಂದಕ್ಕೊಂದು ಜೋಡಿಸುತ್ತದೆ. ಒಕ್ಕೂಟ ಮುರಿಯದಿರಲಿ ಎಂಬುದು ಅದರ ಅರ್ಥ. ವಿಪರ್ಯಾಸವೆಂದರೆ ಬಟ್ಟೆಯ ಮೇಲಿನ ಸರಪಳಿ ಇಂದಿಗೂ ಇದೆ, ನಿಜವಾದ ಒಕ್ಕೂಟ ಎರಡೇ ವರ್ಷಗಳಲ್ಲಿ ಕಳಚಿತು.

ಈ ಧ್ವಜ ಈಗ ಸ್ಪೇನಿನ ಟೊಲೆಡೊ ನಗರದ ಸಾಂತಾ ಕ್ರೂಸ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಾರ್ಡಿನಲ್ ಮೆಂಡೋಸಾ ಅವರು ಅನಾಥ ಮಕ್ಕಳಿಗಾಗಿ ಸ್ಥಾಪಿಸಿದ್ದ ಹಳೆಯ ಆಸ್ಪತ್ರೆಯ ಕಟ್ಟಡ.

ಗಾಯೆತಾದ ಹರಕೆ

ಎರಡನೆಯದು ಕರಾವಳಿಯವರಾದ ನಮಗೆ ಹೆಚ್ಚು ಆಪ್ತವೆನಿಸಬಹುದು. ಪೋಪರ ಸ್ವಂತ ನೌಕಾದಳದ ನಾಯಕ ಮಾರ್ಕಂತೋನಿಯೊ ಕೊಲೊನ್ನಾ. 1570ರಲ್ಲಿ ಅವನಿಗೆ ರೋಮಿನಲ್ಲಿ ಐದನೇ ಪಿಯುಸರು ಒಂದು ಕೆಂಪು ರೇಷ್ಮೆಯ ಧ್ವಜವನ್ನು ಕೊಟ್ಟರು. ಅದರ ಮೇಲೆ ಶಿಲುಬೆಗೇರಿದ ಕ್ರಿಸ್ತನನ್ನೂ ಇಕ್ಕೆಲಗಳಲ್ಲಿ ಸಂತ ಪೇತ್ರ, ಸಂತ ಪೌಲರನ್ನೂ ಚಿತ್ರಿಸಿದವನು ಜಿರೊಲಾಮೊ ಸಿಚೊಲಾಂತೆ ಎಂಬ ಕಲಾವಿದ. ಕೆಳಗೆ ‘ಈ ಚಿಹ್ನೆಯಿಂದ ನೀನು ಜಯಿಸುವೆ’ ಎಂಬರ್ಥದ ಲತೀನ್ ಮಾತು. ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಕಾಣಿಸಿತೆಂದು ಪರಂಪರೆ ಹೇಳುವ ಮಾತು ಅದು.

ರೋಮಿನಿಂದ ದಕ್ಷಿಣಕ್ಕೆ ಸಾಗುವ ದಾರಿಯಲ್ಲಿ ಗಾಯೆತಾ ಎಂಬ ಬಂದರು ಊರು. ಅಲ್ಲಿನ ಪಾಲಕ ಸಂತ ಎರಾಸ್ಮುಸ್, ನಾವಿಕರ ಸಂತ. ಬಿರುಗಾಳಿಯ ಸಮಯದಲ್ಲಿ ಹಡಗಿನ ಕಂಬದ ತುದಿಯಲ್ಲಿ ಕಾಣುವ ನೀಲಿ ಬೆಳಕನ್ನು ಇಂದಿಗೂ ಸಂತ ಎಲ್ಮೋನ ಬೆಂಕಿ ಎನ್ನುತ್ತಾರಲ್ಲವೇ, ಆ ಎಲ್ಮೋ ಇವರೇ. ಗೆದ್ದು ಬಂದರೆ ಧ್ವಜವನ್ನು ಈ ಸಂತರಿಗೆ ಒಪ್ಪಿಸುತ್ತೇನೆ ಎಂದು ಕೊಲೊನ್ನಾ ಹರಕೆ ಹೊತ್ತ. ಗೆದ್ದು ಬಂದ, ಒಪ್ಪಿಸಿದ. ಅದು ಗಾಯೆತಾದ ಪ್ರಧಾನಾಲಯದ ಸೊತ್ತಾಯಿತು, ಈಗ ಅಲ್ಲಿನ ಧರ್ಮಪ್ರಾಂತ್ಯದ ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಖಜಾನೆಯಲ್ಲಿಟ್ಟ ಎಷ್ಟೋ ಧ್ವಜಗಳು ಹೋದವು, ಹರಕೆಗೆ ಕೊಟ್ಟದ್ದು ಊರಿನವರ ಕೈಯಲ್ಲಿ ಉಳಿಯಿತು. ಮಾರುವಂತಿಲ್ಲ, ಬೇರೆಡೆ ಸಾಗಿಸುವಂತಿಲ್ಲ ಎಂಬ ಭಾವನೆಯೇ ಅದನ್ನು ಕಾಪಾಡಿರಬೇಕು.

ಎಸ್ಕೋರಿಯಲ್‌ನಲ್ಲಿ ಬೂದಿಯಾದದ್ದು

ಅಲಿ ಪಾಷಾನ ಹಡಗಿನ ಮಹಾಧ್ವಜವನ್ನು ಎರಡನೇ ಫಿಲಿಪನಿಗೆ ಕಳುಹಿಸಲಾಯಿತು. ಹಸಿರು ಬಟ್ಟೆಯ ಮೇಲೆ ಕುರಾನಿನ ವಾಕ್ಯಗಳು, ಚಿನ್ನದ ಅಕ್ಷರಗಳಲ್ಲಿ 28,900 ಬಾರಿ ಅಲ್ಲಾಹನ ನಾಮ ಎಂದು ಕದನದ ಕಥನಗಳು ಹೇಳುತ್ತವೆ. ಈ ಸಂಖ್ಯೆಯನ್ನು ಎಣಿಸಿದವರು ಯಾರು ಎಂದು ಕೇಳಿದರೆ ಉತ್ತರ ಕಷ್ಟ. ಆದರೆ ಆ ಬಟ್ಟೆ ನೋಡಿದವರನ್ನು ಬೆರಗುಗೊಳಿಸಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಫಿಲಿಪ್ ತಾನು ಕಟ್ಟಿಸುತ್ತಿದ್ದ ಎಸ್ಕೋರಿಯಲ್ ಮಠ-ಅರಮನೆಯಲ್ಲಿ ಅದನ್ನು ಇರಿಸಿದ. ಸ್ಪೇನಿನ ಅತ್ಯಂತ ಭದ್ರವಾದ ಕಲ್ಲಿನ ಕಟ್ಟಡಗಳಲ್ಲಿ ಅದೂ ಒಂದು. 1671ರಲ್ಲಿ ಅಲ್ಲಿ ದೊಡ್ಡ ಬೆಂಕಿ ಎದ್ದಿತು. ಗ್ರಂಥಾಲಯದ ಸಾವಿರಾರು ಹಸ್ತಪ್ರತಿಗಳೊಂದಿಗೆ ಈ ಧ್ವಜವೂ ಸುಟ್ಟುಹೋಯಿತು. ಕದನ ನಡೆದು ಸರಿಯಾಗಿ ನೂರು ವರ್ಷವಾಗಿತ್ತು. 1884ರಲ್ಲಿ ಮ್ಯಾಡ್ರಿಡಿನ ರಾಜ ಶಸ್ತ್ರಾಗಾರಕ್ಕೆ ಬಿದ್ದ ಬೆಂಕಿಯಲ್ಲಿಯೂ ಹಲವು ಹಳೆಯ ಧ್ವಜಗಳು ಹೋದವು. ಕಬ್ಬಿಣದ ಕವಚ ಬೆಂಕಿಯಿಂದ ಕಪ್ಪಾಗಿಯಾದರೂ ಹೊರಬರುತ್ತದೆ, ಬಟ್ಟೆಗೆ ಆ ಅವಕಾಶವಿಲ್ಲ.

ತುರ್ಕರ ಧ್ವಜಗಳನ್ನು ಗುಂಪಾಗಿ ನೋಡಬಯಸುವವರು ಇಟಲಿಯ ಪೀಸಾ ನಗರಕ್ಕೆ ಹೋಗಬೇಕು. ಲೆಪಾಂತೊದಲ್ಲಿಯೂ ಹೋರಾಡಿದ ಸಂತ ಸ್ತೇಫನರ ನೈಟ್‌ಗಳ ಇಗರ್ಜಿಯ ಗೋಡೆಗಳ ಮೇಲೆ, ಅವರು ಹಲವು ಕದನಗಳಲ್ಲಿ ವಶಪಡಿಸಿಕೊಂಡ ಧ್ವಜಗಳನ್ನು ತೂಗುಹಾಕಲಾಗಿದೆ.

ಹಿಂದಿರುಗಿಸಿದ ಧ್ವಜ

ರೋಮಿನ ಸಾಂತಾ ಮರಿಯಾ ಮಜ್ಜೋರೆ ಮಹಾದೇವಾಲಯದಲ್ಲಿಯೂ ಲೆಪಾಂತೊದಲ್ಲಿ ಸಿಕ್ಕಿದ ಒಂದು ತುರ್ಕಿ ಧ್ವಜವಿತ್ತು. ಐದನೇ ಪಿಯುಸರ ಸಮಾಧಿಯೂ ಅಲ್ಲಿಯೇ ಇದೆ. 2025ರ ಏಪ್ರಿಲ್‌ನಲ್ಲಿ ಜಗದ್ಗುರು ಫ್ರಾನ್ಸಿಸರನ್ನು ಸಮಾಧಿ ಮಾಡಿದ್ದೂ ಇದೇ ದೇವಾಲಯದಲ್ಲಿ ಎಂಬುದು ಓದುಗರ ನೆನಪಿನಲ್ಲಿರಬಹುದು. 1965ರಲ್ಲಿ ಜಗದ್ಗುರು ಆರನೇ ಪೌಲರು ಆ ಧ್ವಜವನ್ನು ತುರ್ಕಿ ದೇಶಕ್ಕೆ ಹಿಂದಿರುಗಿಸಿದರು. ಅದು ಇಸ್ತಾಂಬುಲಿನ ನೌಕಾ ವಸ್ತುಸಂಗ್ರಹಾಲಯವನ್ನು ಸೇರಿತು.

ಇದು ಇದ್ದಕ್ಕಿದ್ದಂತೆ ಆದದ್ದಲ್ಲ. ತುರ್ಕಿ ಮತ್ತು ವ್ಯಾಟಿಕನ್ ನಡುವೆ 1960ರಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತ್ತು. 1964ರಲ್ಲಿ ಇದೇ ಪೋಪರು ಪ್ರೇಷಿತ ಅಂದ್ರೆಯರ ತಲೆಬುರುಡೆಯ ಪವಿತ್ರ ಅವಶೇಷವನ್ನು ಗ್ರೀಸಿನ ಆರ್ಥೊಡಾಕ್ಸ್ ಸಭೆಗೆ ಮರಳಿಸಿದ್ದರು. ಒಟ್ಟೊಮನ್ನರಿಂದ ತಪ್ಪಿಸಿಕೊಂಡು 1462ರಲ್ಲಿ ರೋಮಿಗೆ ಬಂದಿದ್ದ ಆ ಅವಶೇಷ ಮರಳಿ ಹೋದದ್ದು ಪತ್ರಾಸ್ ನಗರಕ್ಕೆ, ಲೆಪಾಂತೊ ಕದನ ನಡೆದ ಕೊಲ್ಲಿಯ ದಡಕ್ಕೆ. ಧ್ವಜ ಹಿಂದಿರುಗಿದ 1965ರಲ್ಲಿಯೇ, ಅಕ್ಟೋಬರ್ 28ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳ ಕುರಿತ ‘ನೋಸ್ತ್ರಾ ಎತಾತೆ’ ಘೋಷಣೆಯನ್ನು ಹೊರಡಿಸಿತು. ಹಿಂದಿನ ಕಲಹ, ವೈರಗಳನ್ನು ಮರೆತು ಪರಸ್ಪರ ಅರಿತುಕೊಳ್ಳಲು ಯತ್ನಿಸಬೇಕೆಂದು ಅದು ಕ್ರೈಸ್ತರನ್ನೂ ಮುಸ್ಲಿಮರನ್ನೂ ಕೇಳಿಕೊಂಡಿತು. 1967ರ ಜುಲೈನಲ್ಲಿ ಆರನೇ ಪೌಲರು ಇಸ್ತಾಂಬುಲಿಗೆ ಭೇಟಿಯಿತ್ತರು.

ಧ್ವಜ ಮರಳಿಸಿದ್ದನ್ನು ಎಲ್ಲರೂ ಒಪ್ಪಲಿಲ್ಲ. ಪ್ರಾಣ ತೆತ್ತವರಿಗೆ ಇದು ಅಗೌರವ ಎನ್ನುವ ಕೆಥೋಲಿಕರು ಇಂದಿಗೂ ಇದ್ದಾರೆ. ಅವರ ನೋವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಒಂದು ಮಾತನ್ನು ಯೋಚಿಸಬೇಕು. ನಮ್ಮ ದೃಷ್ಟಿಯಲ್ಲಿ ಅದು ಶತ್ರುವಿನ ಬಾವುಟ, ಇನ್ನೊಬ್ಬರ ದೃಷ್ಟಿಯಲ್ಲಿ ಅವರ ಪೂರ್ವಿಕರು ಪ್ರಾಣಕೊಟ್ಟು ಹಿಡಿದ ಬಟ್ಟೆ. ಇಂಥ ಧ್ವಜಗಳ ಮೇಲೆ ದೇವರ ನಾಮವನ್ನು ನೇಯುವ, ಬರೆಯುವ ವಾಡಿಕೆಯೂ ಅವರಲ್ಲಿತ್ತು. ಮಾಲ್ಟಾದ ನೈಟ್‌ಗಳಿಂದ ಕಿತ್ತುಕೊಂಡ ಧ್ವಜ ಇಸ್ತಾಂಬುಲಿನಲ್ಲಿ ತೂಗಾಡಿದ್ದರೆ ನಮಗೆ ಏನೆನಿಸುತ್ತಿತ್ತು? ಆರನೇ ಪೌಲರು ಮಾಡಿದ್ದು ಸರಿ ಎಂದೇ ಈ ಲೇಖಕನ ಅಭಿಪ್ರಾಯ. ಸೋತವರ ವಸ್ತುಸಂಗ್ರಹಾಲಯದಲ್ಲಿ ಆ ಧ್ವಜ ಬರೀ ವಿಜಯಚಿಹ್ನೆಯಲ್ಲ, ಒಂದು ದಿನದ ದಾಖಲೆ.

ನೇಯ್ದ ಸಮರ್ಥನೆ

ಧ್ವಜಗಳಲ್ಲದೆ ಈ ಕದನಕ್ಕೆ ಸೇರಿದ ಮತ್ತೊಂದು ಬಗೆಯ ಬಟ್ಟೆಯೂ ಇದೆ. ಒಕ್ಕೂಟದ ಬಲಬದಿಯ ನಾಯಕ ಜಿನೋವಾದ ಜೊವಾನಿ ಆಂದ್ರೆಯಾ ದೋರಿಯಾ. ಅವನು ಉಲುಚ್ ಅಲಿಯ ಎದುರು ತೀರ ಹೊರಕ್ಕೆ ಸರಿದು ನಡುವೆ ತೆರಪು ಬಿಟ್ಟ, ಅದರಿಂದಲೇ ಮಾಲ್ಟಾದವರು ಸಿಕ್ಕಿಬಿದ್ದರು ಎಂಬ ಟೀಕೆ ಕದನ ಮುಗಿದೊಡನೆ ಆರಂಭವಾಯಿತು. ಆತ ಲಜ್ಜಾರೊ ಕಾಲ್ವಿ ಮತ್ತು ಲೂಕಾ ಕಂಬಿಯಾಸೊ ಎಂಬ ಕಲಾವಿದರಿಂದ ಕದನದ ಚಿತ್ರಗಳನ್ನು ಬರೆಸಿ, ಬ್ರಸೆಲ್ಸ್‌ನ ನೇಕಾರರಿಂದ ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರವಸ್ತ್ರಗಳನ್ನು ನೇಯಿಸಿದ. 1580ರ ದಶಕದಲ್ಲಿ ಆರಂಭವಾದ ಕೆಲಸ 1591ರ ಹೊತ್ತಿಗೆ ಮುಗಿಯಿತು. ಮನೆಗೆ ಬಂದ ಪ್ರತಿ ಅತಿಥಿಯೂ ಕದನವನ್ನು ಅವನ ಕಣ್ಣಿನಿಂದಲೇ ನೋಡಬೇಕು! ಅವು ಜಿನೋವಾದ ದೋರಿಯಾ ಅರಮನೆಯಲ್ಲಿ ಈಗಲೂ ಇವೆ. ಕದನದ ವಿವರಗಳಿಗಾಗಿ ಇವುಗಳನ್ನು ನೋಡುವವರು ಹಣ ಕೊಟ್ಟವನಾರು ಎಂಬುದನ್ನು ಮರೆಯಬಾರದು.

ರೇಷ್ಮೆ ಏಕೆ ಸಾಯುತ್ತದೆ?

ಹಳೆಯ ಧ್ವಜವನ್ನು ಉಳಿಸುವುದು ಕಲ್ಲಿನ ಪ್ರತಿಮೆಯನ್ನು ಉಳಿಸಿದಂತಲ್ಲ. ರೇಷ್ಮೆ ಒಂದು ಪ್ರೋಟೀನು. ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಅದರ ಎಳೆಗಳನ್ನು ಒಳಗಿನಿಂದ ಕಡಿಯುತ್ತದೆ. ಹೀಗಾದ ಹಾನಿ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಅದಕ್ಕೆಂದೇ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳಿಗೆ ಬೆಳಕಿನ ಮಿತಿಯನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ ನಿಲ್ಲಿಸುತ್ತಾರೆ. ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ‘ಇಷ್ಟು ಕತ್ತಲೆಯಲ್ಲಿ ಏನು ನೋಡುವುದು’ ಎಂದು ಗೊಣಗುವ ಪ್ರವಾಸಿಗರು ಇದನ್ನು ತಿಳಿದಿರಬೇಕು.

ಗಾಯೆತಾದಂಥ ಚಿತ್ರಿತ ಧ್ವಜಗಳಿಗೆ ಇನ್ನೊಂದು ತೊಂದರೆ. ಬಣ್ಣ ಬಳಿದ ಭಾಗ ಬಿರುಸಾಗುತ್ತದೆ, ಬಳಿಯದ ಭಾಗ ಮೆದುವಾಗಿ ಉಳಿಯುತ್ತದೆ. ಗಾಳಿಯ ತೇವ ಏರಿಳಿದಂತೆ ಎರಡೂ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗಿ, ಅವು ಸೇರುವ ಗೆರೆಯಲ್ಲೇ ಬಟ್ಟೆ ಸೀಳುತ್ತದೆ. ಚಿನ್ನದ ಎಳೆಯೆಂದರೂ ಅದು ಅನೇಕ ವೇಳೆ ಚಿನ್ನದ ಮುಲಾಮಿನ ಬೆಳ್ಳಿಯ ಸಣ್ಣ ಪಟ್ಟಿಯನ್ನು ರೇಷ್ಮೆ ದಾರಕ್ಕೆ ಸುತ್ತಿದ್ದು. ಲೋಹ ಕಪ್ಪಾಗುತ್ತದೆ, ಅದರ ಅಂಚು ಒಳಗಿನ ದಾರವನ್ನೇ ಕೊಯ್ಯುತ್ತದೆ. ತೂಗುಹಾಕಿದ ದೊಡ್ಡ ಧ್ವಜವನ್ನು ಅದರ ಸ್ವಂತ ಭಾರವೇ ಹರಿದುಹಾಕುತ್ತದೆ. ಆದುದರಿಂದ ಈಗ ಇಂಥವನ್ನು ಚಪ್ಪಟೆಯಾಗಿ ಅಥವಾ ಸ್ವಲ್ಪ ಓರೆಯಾದ ಹಲಗೆಯ ಮೇಲೆ ಮಲಗಿಸುವುದು ರೂಢಿ.

ನಮ್ಮ ದೇಶದಲ್ಲಿ ಇದರ ಒಳ್ಳೆಯ ಉದಾಹರಣೆ ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ. 1947ರ ಆಗಸ್ಟ್ 15ರ ಮುಂಜಾನೆ ಆ ಕೋಟೆಯ ಮೇಲೆ ಹಾರಿಸಿದ ತ್ರಿವರ್ಣ ಧ್ವಜವದು. ಶುದ್ಧ ರೇಷ್ಮೆ, ಸುಮಾರು 12 ಅಡಿಗೆ 8 ಅಡಿ. ಭಾರತೀಯ ಪುರಾತತ್ವ ಇಲಾಖೆಯವರು 2013ರಲ್ಲಿ ಅದನ್ನು ಸಾರ್ವಜನಿಕರ ವೀಕ್ಷಣೆಗೆ ಇಟ್ಟರು. ಸಮುದ್ರದ ಪಕ್ಕದ ಊರಿನಲ್ಲಿಯೂ ರೇಷ್ಮೆಯನ್ನು ಉಳಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಸಕ್ರಿಸ್ತಿಗಳಲ್ಲಿ

ಕರಾವಳಿಯ ಹಳೆಯ ಇಗರ್ಜಿಗಳ ಕಪಾಟುಗಳಲ್ಲಿ ಏನೇನಿದೆ? ಸೊದಾಲಿತಿಗಳ ಕಸೂತಿ ಬಾವುಟ, ಪರಮಪ್ರಸಾದದ ಮೆರವಣಿಗೆಯ ಮೇಲ್ಕಟ್ಟು, ಲತೀನ್ ಪೂಜೆಯ ಕಾಲದ ಭಾರವಾದ ಪೂಜಾವಸ್ತ್ರ. ಬಳಕೆಗೆ ಬಾರದ, ಮಂತ್ರಿಸಿದ ಬಟ್ಟೆಯನ್ನು ಸುಡುವ ಅಥವಾ ಹೂಳುವ ಪದ್ಧತಿ ನಮ್ಮಲ್ಲಿದೆ. ಅದು ಗೌರವದಿಂದ ಬಂದ ಪದ್ಧತಿಯೇ. ಆದರೆ ಬೆಂಕಿಗೆ ಹಾಕುವ ಮುನ್ನ ಅದು ಏನು, ಯಾವ ಕಾಲದ್ದು ಎಂದು ಯಾರಾದರೂ ನೋಡಿರಬೇಕು. ಬೆಲೆಬಾಳುವ ಮತ್ತು ಸಾಂಸ್ಕೃತಿಕ ಮಹತ್ವದ ವಸ್ತುಗಳ ಪಟ್ಟಿ ಮಾಡಿ ಒಂದು ಪ್ರತಿಯನ್ನು ಧರ್ಮಪ್ರಾಂತ್ಯದ ಕಚೇರಿಯಲ್ಲಿಡಬೇಕೆಂದು ಧರ್ಮಸಭೆಯ ಕಾನೂನಿನ 1283ನೇ ನಿಯಮ ಹೇಳುತ್ತದೆ. ಹರಕೆಗೆ ಬಂದ ವಸ್ತುಗಳನ್ನೂ ಕಲೆ ಅಥವಾ ಇತಿಹಾಸದ ಕಾರಣದಿಂದ ಅಮೂಲ್ಯವಾದವುಗಳನ್ನೂ ಪರಭಾರೆ ಮಾಡಲು ರೋಮಿನ ಅನುಮತಿ ಬೇಕೆಂದು 1292ನೇ ನಿಯಮ ತಿಳಿಸುತ್ತದೆ. ಗೋವಾದಲ್ಲಿ ಇಂಥ ವಸ್ತುಗಳಿಗಾಗಿಯೇ ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯ 1994ರಲ್ಲಿ ರಾಶೋಲ್ ಸೆಮಿನರಿಯಲ್ಲಿ ಆರಂಭವಾಗಿ, 2002ರಲ್ಲಿ ಹಳೇ ಗೋವಾದ ಸಾಂತಾ ಮೋನಿಕಾ ಕಾನ್ವೆಂಟಿಗೆ ಸ್ಥಳಾಂತರಗೊಂಡಿದೆ.

ಮಳೆಗಾಲದ ನಾಲ್ಕು ತಿಂಗಳು ನಮ್ಮ ಗಾಳಿಯ ತೇವಾಂಶ ಬೂಷ್ಟಿಗೆ ಹೇಳಿಮಾಡಿಸಿದಂತಿರುತ್ತದೆ. ನುಸಿಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನಷ್ಟು ಕೆಡುತ್ತದೆ. ಮಡಿಸಿದರೆ ಮಡಿಕೆಯಲ್ಲೇ ರೇಷ್ಮೆ ತುಂಡಾಗುತ್ತದೆ. ಒಗೆಯುವುದು, ಇಸ್ತ್ರಿ ಹಾಕುವುದು, ಗೋಂದಿನಿಂದ ಅಂಟಿಸುವುದು ಯಾವುದೂ ಬೇಡ. ದಪ್ಪ ಕೊಳವೆಗೆ ಒಗೆದ ಬಿಳಿ ಹತ್ತಿಬಟ್ಟೆ ಸುತ್ತಿ, ಬಾವುಟವನ್ನು ಚಿತ್ರದ ಮುಖ ಹೊರಗೆ ಬರುವಂತೆ ಸಡಿಲವಾಗಿ ಅದರ ಮೇಲೆ ಸುತ್ತಬೇಕು. ಹೊರಗೆ ಇನ್ನೊಂದು ಹತ್ತಿಬಟ್ಟೆ, ಅದಕ್ಕೆ ಹತ್ತಿಯ ಪಟ್ಟಿ. ಗೋಡೆಗೆ ತಾಗದ, ಗಾಳಿಯಾಡುವ ಕಪಾಟಿನಲ್ಲಿಟ್ಟು, ಯಾವ ಬಾವುಟ, ಯಾವ ವರ್ಷ, ಯಾರು ಕೊಟ್ಟದ್ದು ಎಂದು ಬರೆದ ಚೀಟಿಯನ್ನು ಹೊರಗಿನ ಬಟ್ಟೆಗೆ ಹೊಲಿಯಬೇಕು, ಗುಂಡುಸೂಜಿ ಚುಚ್ಚಬಾರದು. ಸೆಪ್ಟೆಂಬರ್ ಕೊನೆಗೆ ಮಳೆ ತಗ್ಗಿದಾಗ ಒಮ್ಮೆ ನೆರಳಿನಲ್ಲಿ ಬಿಚ್ಚಿ ನೋಡಿದರೆ, ಅಕ್ಟೋಬರ್ 7ರ ಹಬ್ಬಕ್ಕೆ ಯಾವುದು ಹೊರಗೆ ತರುವ ಸ್ಥಿತಿಯಲ್ಲಿದೆ, ಯಾವುದಕ್ಕೆ ವಿಶ್ರಾಂತಿ ಬೇಕು ಎಂಬುದೂ ತಿಳಿಯುತ್ತದೆ.